ನುಸಿಗೆ ನಮ್ಮ ವಾಸನೆ ಹೇಗೆ ಗೊತ್ತಾಗುತ್ತದೆ? ಒಬ್ಬರನ್ನೇ ಯಾಕೆ ಹುಡುಕಿ ಕಚ್ಚುತ್ತದೆ?

ಬಿಜೈ_ಮನೆ

ಮಳೆ ಸ್ವಲ್ಪ ಬಿಟ್ಟ ಕೂಡಲೇ ನಮ್ಮ ಕಡೆ ನುಸಿ, ಅಂದರೆ ಸೊಳ್ಳೆ, ಶುರುವಾಗಿದೆ. ಸಂಜೆ ಜಗಲಿಯಲ್ಲಿ ಎಲ್ಲರೂ ಒಟ್ಟಿಗೆ ಕೂತರೆ ನನ್ನ ಗಂಡನ ಕಾಲಿಗೇ ಮುತ್ತುತ್ತವೆ, ಪಕ್ಕದಲ್ಲಿ ಕೂತ ಅತ್ತೆಯವರಿಗೆ ಒಂದೂ ಕಚ್ಚುವುದಿಲ್ಲ. ಅವನ ರಕ್ತ ಸಿಹಿ ಎನ್ನುತ್ತಾರೆ ಅತ್ತೆ. ಮಗಳು ಒಂಬತ್ತನೇ ತರಗತಿ, ಅವಳಿಗೆ ಈ ಉತ್ತರ ಸಾಕಾಗುತ್ತಿಲ್ಲ. ಚರ್ಮದ ಮೇಲೆ ಕೂರುವ ಮೊದಲೇ ರಕ್ತದ ರುಚಿ ಹೇಗೆ ಗೊತ್ತಾಗುತ್ತದೆ ಎಂದು ಕೇಳುತ್ತಾಳೆ. ಸರಿಯಾದ ಪ್ರಶ್ನೆ ಅಲ್ವಾ? ನಮ್ಮ ರಸ್ತೆಯಲ್ಲಿ ಒಂದು ಮನೆಯಲ್ಲಿ ಡೆಂಗ್ಯೂ ಬೇರೆ ಆಗಿದೆ, ಹಾಗಾಗಿ ಇದು ಬರೀ ಕುತೂಹಲಕ್ಕೆ ಕೇಳುತ್ತಿರುವುದಲ್ಲ. ಗೊತ್ತಿದ್ದವರು ದಯವಿಟ್ಟು ವಿವರವಾಗಿ ಬರೆಯಿರಿ. ವಿಜ್ಞಾನದ ಹೆಸರುಗಳು ಬಂದರೂ ತೊಂದರೆ ಇಲ್ಲ, ಮಗಳು ಕೂತು ಓದುತ್ತಾಳೆ.

ಕುದ್ರೋಳಿಯವ

ರಕ್ತದ ಗುಂಪು ಕಾರಣ ಇರಬೇಕು. ಓ ಗುಂಪಿನವರನ್ನು ಜಾಸ್ತಿ ಕಚ್ಚುತ್ತದೆ ಎಂದು ಎಲ್ಲ ಕಡೆ ಹೇಳುತ್ತಾರೆ. ನಮ್ಮ ಮನೆಯಲ್ಲೂ ಓ ಗುಂಪಿನ ತಮ್ಮನಿಗೇ ಕಾಟ ಜಾಸ್ತಿ. ಬೆಳ್ಳುಳ್ಳಿ ತಿಂದರೆ ಹತ್ತಿರ ಬರುವುದಿಲ್ಲ ಅಂತಲೂ ಕೇಳಿದ್ದೇನೆ.

ಕೀಟಪ್ರಿಯೆ_ಮಣಿಪಾಲ

ನಾನು ಓದುತ್ತಿರುವುದೇ ಕೀಟಗಳ ಬಗ್ಗೆ. ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ರಕ್ತದ ಗುಂಪಿನ ಮಾತು ಬಂದದ್ದು ಹೀಗೆ. 2004ರಲ್ಲಿ ಜಪಾನಿನಲ್ಲಿ ಈಡಿಸ್ ಅಲ್ಬೊಪಿಕ್ಟಸ್ ಎಂಬ ಟೈಗರ್ ಸೊಳ್ಳೆ ಇಟ್ಟುಕೊಂಡು ಒಂದು ಪ್ರಯೋಗ ಮಾಡಿದ್ದರು. ಎ ಗುಂಪಿನವರಿಗಿಂತ ಓ ಗುಂಪಿನವರ ಮೇಲೆ ಜಾಸ್ತಿ ಕೂತವು. ಪ್ರಯೋಗ ಸಣ್ಣದು, ಅದರ ಮೇಲೆ ಇಷ್ಟು ದೊಡ್ಡ ನಂಬಿಕೆ ಕಟ್ಟುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಬೆಳ್ಳುಳ್ಳಿ ತಿನ್ನಿಸಿ ನೋಡಿದ ಪ್ರಯೋಗದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಮಗಳು ಹೇಳಿದ್ದೇ ಸರಿ. ದೂರದಿಂದ ಬರುವ ಸೊಳ್ಳೆಗೆ ರಕ್ತ ಗೊತ್ತಿಲ್ಲ. ಗೊತ್ತಿರುವುದು ಉಸಿರು ಮತ್ತು ಚರ್ಮದಿಂದ ಏಳುವ ವಾಸನೆ.

ಕಚ್ಚುವುದು ಹೆಣ್ಣು ಮಾತ್ರ. ಮೊಟ್ಟೆ ಕಟ್ಟಲು ಅದಕ್ಕೆ ರಕ್ತದ ಪ್ರೋಟೀನ್ ಬೇಕು. ಮೊದಲು ಅದಕ್ಕೆ ಸಿಗುವುದು ನಮ್ಮ ಉಸಿರು. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಶೇ. 0.04ರಷ್ಟು, ನಾವು ಬಿಡುವ ಉಸಿರಿನಲ್ಲಿ ಸುಮಾರು ಶೇ. 4. ಈ ಉಸಿರು ಗಾಳಿಯಲ್ಲಿ ಎಳೆ ಎಳೆಯಾಗಿ ತೇಲಿಕೊಂಡು ಹೋಗುತ್ತದೆ, ಹತ್ತು ಮೀಟರ್ ಆಚೆಯೂ ಸೊಳ್ಳೆ ಅದನ್ನು ಹಿಡಿಯಬಲ್ಲದು. ಹಿಡಿಯುವುದು ಬಾಯಿಯ ಎರಡೂ ಕಡೆ ಇರುವ ಪಾಲ್ಪ್ ಎಂಬ ಪುಟ್ಟ ಕಡ್ಡಿಗಳಲ್ಲಿ. ಅಲ್ಲಿನ ನರಕೋಶಗಳಲ್ಲಿ ಡೆಂಗ್ಯೂ ಸೊಳ್ಳೆ ಈಡಿಸ್ ಈಜಿಪ್ಟೈಗೆ ಜಿಆರ್1, ಜಿಆರ್2, ಜಿಆರ್3 ಎಂಬ ಮೂರು ಗ್ರಾಹಕ ಪ್ರೋಟೀನ್‌ಗಳಿವೆ. ಆಫ್ರಿಕಾದ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಗ್ಯಾಂಬಿಯೆಯಲ್ಲಿ ಅದೇ ಬಗೆಯ ಮೂರಕ್ಕೆ 22, 23, 24 ಎಂದು ನಂಬರು. ಉಸಿರಿನ ಎಳೆ ತಾಗಿದ ಕೂಡಲೇ ಸುಮ್ಮನೆ ಕೂತ ಸೊಳ್ಳೆ ಎದ್ದು ಗಾಳಿಗೆ ಎದುರಾಗಿ ಹಾರುತ್ತದೆ, ಕಪ್ಪು ವಸ್ತುಗಳನ್ನು ಗಮನಿಸತೊಡಗುತ್ತದೆ. 2022ರ ಒಂದು ಅಧ್ಯಯನದ ಪ್ರಕಾರ ಉಸಿರಿನ ವಾಸನೆ ಸಿಕ್ಕಿದ ಈಡಿಸ್ ಕೆಂಪು, ಕಿತ್ತಳೆ, ಕಪ್ಪು ಬಣ್ಣಗಳ ಕಡೆ ಹೋಗುತ್ತದೆ, ಬಿಳಿ ಮತ್ತು ಹಸಿರನ್ನು ಲೆಕ್ಕಕ್ಕೆ ಇಡುವುದಿಲ್ಲ.

ಇನ್ನೂ ಹತ್ತಿರ ಬಂದ ಮೇಲೆ ಮೈವಾಸನೆ. ಅದಕ್ಕೆ ಮುಖ್ಯವಾಗಿ ಮೀಸೆ, ಅಂದರೆ ಆಂಟೆನಾ. ಮೀಸೆಯ ಮೇಲೆ ನೂರಾರು ಸೂಕ್ಷ್ಮ ರೋಮಗಳಿವೆ. ಒಂದೇ ಒಂದು ರೋಮವನ್ನು ತೆಗೆದುಕೊಂಡು ನೋಡೋಣ. ಅದರ ಗೋಡೆಯಲ್ಲಿ ತುಂಬ ಸಣ್ಣ ತೂತುಗಳು. ಬೆವರಿನಿಂದ ಎದ್ದ ವಾಸನೆಯ ಅಣು ಆ ತೂತಿನ ಮೂಲಕ ಒಳಗೆ ಹೋಗುತ್ತದೆ. ಒಳಗೆ ದ್ರವ ಇದೆ, ವಾಸನೆಯ ಅಣುಗಳಲ್ಲಿ ಹೆಚ್ಚಿನವು ಎಣ್ಣೆಯ ಸ್ವಭಾವದವು, ನೀರಿನಂಥ ದ್ರವದಲ್ಲಿ ಸುಲಭವಾಗಿ ಸಾಗುವುದಿಲ್ಲ. ಅವುಗಳನ್ನು ಹಿಡಿದುಕೊಂಡು ಹೋಗಲು ಓಬಿಪಿ ಎಂಬ ಸಾಗಣೆ ಪ್ರೋಟೀನ್‌ಗಳು ಇವೆ. ನರಕೋಶದ ತುದಿಯ ಪೊರೆಯಲ್ಲಿ ಗ್ರಾಹಕ ಕೂತಿರುತ್ತದೆ. ಅಣು ಅದಕ್ಕೆ ಕೂತರೆ ಗ್ರಾಹಕದ ಮಧ್ಯದ ಸಂದು ತೆರೆದು ವಿದ್ಯುತ್ ಕಣಗಳು ಒಳಗೆ ನುಗ್ಗುತ್ತವೆ, ನರ ಮಿಡಿಯುತ್ತದೆ, ಆ ಮಿಡಿತ ಮೆದುಳಿಗೆ ಹೋಗುತ್ತದೆ. ನಮ್ಮ ಮೂಗಿನಲ್ಲಿ ಗ್ರಾಹಕಕ್ಕೆ ಅಣು ಕೂತ ಮೇಲೆ ಒಳಗೆ ಒಂದಿಷ್ಟು ರಾಸಾಯನಿಕ ಹಂತಗಳು ನಡೆದು ಆಮೇಲೆ ಸಂದು ತೆರೆಯುತ್ತದೆ. ಕೀಟಗಳಲ್ಲಿ ಗ್ರಾಹಕವೇ ಸಂದು. 2008ರಲ್ಲಿ ಇದು ಗೊತ್ತಾಯಿತು.

ಸುರತ್ಕಲ್_ಸೈಟ್

ತುಂಬ ಚೆನ್ನಾಗಿ ಬರೆದಿದ್ದೀರಿ. ಒಂದು ಪ್ರಶ್ನೆ. ಇಷ್ಟೆಲ್ಲ ಗೊತ್ತಿದ್ದರೆ ಆ ಗ್ರಾಹಕವನ್ನೇ ಕೆಡಿಸಿದರೆ ಮುಗಿಯಿತಲ್ಲ? ಮೂಗು ಇಲ್ಲದ ಸೊಳ್ಳೆಗೆ ನಾವು ಸಿಗುವುದಿಲ್ಲ. ಯಾಕೆ ಇನ್ನೂ ಮಾಡಿಲ್ಲ?

ಕೀಟಪ್ರಿಯೆ_ಮಣಿಪಾಲ

@ಸುರತ್ಕಲ್_ಸೈಟ್ ಮಾಡಿ ನೋಡಿದ್ದಾರೆ. ನನಗೆ ಈ ವಿಷಯದಲ್ಲಿ ಅತ್ಯಂತ ಹಿಡಿಸಿದ್ದು ಇದೇ ಕತೆ.

ಸೊಳ್ಳೆಯ ಮೂಗಿನಲ್ಲಿ ಎರಡು ದೊಡ್ಡ ಗ್ರಾಹಕ ಕುಟುಂಬಗಳಿವೆ. ಒಂದು ಓಆರ್. ಆಲ್ಡಿಹೈಡ್, ಆಲ್ಕೋಹಾಲ್, ಕೀಟೋನ್ ಬಗೆಯ ವಾಸನೆ ಇದರ ಪಾಲಿಗೆ. ಇನ್ನೊಂದು ಐಆರ್, 2009ರಲ್ಲಿ ಹಣ್ಣಿನ ನೊಣದಲ್ಲಿ ಮೊದಲು ಪತ್ತೆಯಾದದ್ದು. ಆಮ್ಲಗಳು, ಅಮೈನ್‌ಗಳು ಅದರ ಪಾಲಿಗೆ. ಮೇಲೆ ಹೇಳಿದ ಜಿಆರ್ ಮೂರನೇ ಕುಟುಂಬ. ಓಆರ್ ಯಾವುದೇ ಇರಲಿ, ಅದು ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಓರ್ಕೋ ಎಂಬ ಜೊತೆಗಾರ ಬೇಕೇ ಬೇಕು. ನಾಲ್ಕು ತುಂಡು ಸೇರಿ ಒಂದು ಗ್ರಾಹಕ. 2024ರಲ್ಲಿ ಸೊಳ್ಳೆಗಳದ್ದೇ ಗ್ರಾಹಕದ ರಚನೆಯನ್ನು ಬಿಡಿಸಿ ನೋಡಿದಾಗ ಅದರಲ್ಲಿ ಒಂದು ಓಆರ್, ಮೂರು ಓರ್ಕೋ ಇದ್ದವು.

ಹಾಗಾದರೆ ಓರ್ಕೋ ತೆಗೆದರೆ ಎಲ್ಲ ಓಆರ್ ಒಟ್ಟಿಗೆ ಕೆಡುತ್ತದೆ. 2013ರಲ್ಲಿ ಅಮೆರಿಕದ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಲೆಸ್ಲಿ ವಾಸ್‌ಹಾಲ್ ತಂಡ ಈಡಿಸ್‌ನಲ್ಲಿ ಅದನ್ನೇ ಮಾಡಿತು. ಆ ಸೊಳ್ಳೆಗಳಿಗೆ ಮನುಷ್ಯ ಮತ್ತು ಗಿನಿಯಿಲಿ ಎರಡನ್ನೂ ಇಟ್ಟಾಗ ಮನುಷ್ಯನೇ ಬೇಕು ಎಂಬ ಹಟ ಕಡಿಮೆ ಆಯಿತು. ಆದರೆ ಉಸಿರಿನ ಕಾರ್ಬನ್ ಡೈಆಕ್ಸೈಡ್ ಸೇರಿಸಿದ ಕೂಡಲೇ ಮನುಷ್ಯನ ಕಡೆ ಹಾರಿ ಬಂದವು. ಸರಿ, ಉಸಿರಿನ ಗ್ರಾಹಕ ತೆಗೆಯೋಣ ಎಂದು 2014ರಲ್ಲಿ ಜಿಆರ್3 ಇಲ್ಲದ ಸೊಳ್ಳೆ ಮಾಡಿದರು. ಕಾರ್ಬನ್ ಡೈಆಕ್ಸೈಡ್ ಅದಕ್ಕೆ ಗೊತ್ತೇ ಆಗಲಿಲ್ಲ. ಆದರೆ ಮೈವಾಸನೆ, ಮೈಬಿಸಿ ಎರಡೂ ಇದ್ದಾಗ ಮನುಷ್ಯ ಸಿಕ್ಕಿಯೇ ಸಿಕ್ಕಿದ. 2019ರಲ್ಲಿ ಇನ್ನೊಂದು ತಂಡ ಐಆರ್8ಎ ತೆಗೆಯಿತು. ಬೆವರಿನ ಲ್ಯಾಕ್ಟಿಕ್ ಆಮ್ಲಕ್ಕೆ ಸೊಳ್ಳೆ ಸ್ಪಂದಿಸುವುದು ನಿಂತಿತು, ಮನುಷ್ಯನ ಕಡೆ ಬರುವುದು ಕಡಿಮೆ ಆಯಿತು, ಪೂರ್ತಿ ನಿಲ್ಲಲಿಲ್ಲ.

ಇದಕ್ಕೆ ಕಾರಣದ ಒಂದು ಭಾಗ 2022ರಲ್ಲಿ ಗೊತ್ತಾಯಿತು. ಅಲ್ಲಿಯವರೆಗೆ ಎಲ್ಲರೂ ನಂಬಿದ್ದು ಒಂದು ನರಕೋಶಕ್ಕೆ ಒಂದು ಬಗೆಯ ಗ್ರಾಹಕ ಎಂದು. ಹಣ್ಣಿನ ನೊಣದಲ್ಲಿ ಹೆಚ್ಚಾಗಿ ಹಾಗೇ ಕಂಡಿತ್ತು. ಈಡಿಸ್‌ನಲ್ಲಿ ನೋಡಿದರೆ ಒಂದೇ ನರಕೋಶದಲ್ಲಿ ಬೇರೆ ಬೇರೆ ಗ್ರಾಹಕಗಳು, ಬೇರೆ ಕುಟುಂಬದವು ಕೂಡ, ಒಟ್ಟಿಗೆ ಕೂತಿವೆ. ಒಂದು ಕೆಟ್ಟರೆ ಅದೇ ನರಕೋಶದಲ್ಲಿ ಇನ್ನೊಂದು ಕೆಲಸ ಮಾಡುತ್ತದೆ. ಮನುಷ್ಯರನ್ನು ಹುಡುಕಲೆಂದೇ ಬೆಳೆದು ಬಂದ ಮೂಗು ಅದು, ಒಂದು ಕಡೆ ಮುಚ್ಚಿದರೆ ಕುರುಡಾಗುವುದಿಲ್ಲ. ನಾವು ಮನೆಯಲ್ಲಿ ಒಂದು ಎಣ್ಣೆ, ಒಂದು ಸೊಪ್ಪು ನಂಬಿ ಕೂತರೆ ಯಾಕೆ ಸಾಲುವುದಿಲ್ಲ ಎನ್ನುವುದಕ್ಕೂ ಇಲ್ಲೇ ಉತ್ತರ ಇದೆ ಎಂದು ನನಗೆ ಅನಿಸುತ್ತದೆ.

ಕಾರ್ಕಳ_ತೋಟ

ನಮ್ಮದು ಅಡಿಕೆ, ರಬ್ಬರ್ ತೋಟ. ಹಗಲೇ ಕಚ್ಚುವ ಕಪ್ಪು ಬಿಳಿ ಪಟ್ಟೆಯ ನುಸಿ ನಮ್ಮ ಕಡೆ ಧಾರಾಳ. 2008ರ ಚಿಕೂನ್‌ಗುನ್ಯಾ ಈ ಜಿಲ್ಲೆಗಳ ತೋಟದವರು ಯಾರೂ ಮರೆತಿಲ್ಲ, ಗಂಟು ನೋವಿನಲ್ಲಿ ಟ್ಯಾಪಿಂಗ್‌ಗೆ ಜನ ಏಳುತ್ತಿರಲಿಲ್ಲ. ನಮ್ಮಲ್ಲಿ ಹಟ್ಟಿಗೆ ಸಂಜೆ ಲಕ್ಕಿ ಸೊಪ್ಪು, ತೆಂಗಿನ ಸಿಪ್ಪೆ ಹೊಗೆ ಹಾಕುತ್ತೇವೆ. ಅದು ಕೆಲಸ ಮಾಡುತ್ತದೆ, ನಾನು ಕಣ್ಣಾರೆ ನೋಡಿದ್ದೇನೆ. ಎಲ್ಲವೂ ಸುಮ್ನೆ ಎನ್ನಬೇಡಿ ಮಾರಾಯ್ರೆ.

ಇನ್ನೊಂದು ವಿಷಯ. ಬಾಟಲಿಯಲ್ಲಿ ಬೆಲ್ಲದ ನೀರು, ಯೀಸ್ಟ್ ಹಾಕಿ ಇಟ್ಟರೆ ನುಸಿ ಬಂದು ಬೀಳುತ್ತದೆ ಎಂದು ವಿಡಿಯೋ ಬರುತ್ತದಲ್ಲ, ಅದು ಸತ್ಯವಾ?

ಕೀಟಪ್ರಿಯೆ_ಮಣಿಪಾಲ

@ಕಾರ್ಕಳ_ತೋಟ ಸುಮ್ನೆ ಅಲ್ಲ, ಖಂಡಿತ. ಗಿಡಗಳು ಕೀಟಗಳನ್ನು ದೂರ ಇಡಲು ಮಾಡಿಕೊಂಡ ವಾಸನೆಗಳಿಗೆ ಸೊಳ್ಳೆಯ ಮೂಗಿನಲ್ಲಿ ಗ್ರಾಹಕಗಳೇ ಇವೆ. ಸೇವಂತಿಗೆ ಜಾತಿಯ ಹೂವಿನಿಂದ ತೆಗೆಯುವ ಪೈರೆತ್ರಮ್ ಇದಕ್ಕೆ ಒಳ್ಳೆ ಉದಾಹರಣೆ, ಕಾಯಿಲ್‌ಗಳ ಮೂಲ ಅದೇ. ಅದು ನರದ ಸೋಡಿಯಂ ದಾರಿಗಳನ್ನು ಕೆಡಿಸುತ್ತದೆ ಎಂದು ಮೊದಲಿಂದ ಗೊತ್ತಿತ್ತು. 2021ರಲ್ಲಿ ಓಆರ್31 ಎಂಬ ಗ್ರಾಹಕದ ಮೂಲಕ ಅದರ ವಾಸನೆಯೇ ಈಡಿಸ್ ಅನ್ನು ಓಡಿಸುತ್ತದೆ ಎಂದೂ ತಿಳಿಯಿತು. ಮಜ್ಜಿಗೆ ಹುಲ್ಲಿನ ಎಣ್ಣೆ, ಸಿಟ್ರೊನೆಲ್ಲಾ ಕೂಡ ಓಡಿಸುತ್ತವೆ. ತೊಂದರೆ ಒಂದೇ, ಬೇಗ ಆರಿ ಹೋಗುತ್ತವೆ. ಹೊಗೆಗೂ ಅದೇ, ಇರುವಷ್ಟು ಹೊತ್ತು ಮಾತ್ರ.

ಆದರೆ ಹಟ್ಟಿಯ ಹೊಗೆಯನ್ನು ಮನೆಯೊಳಗೆ, ಬಾಗಿಲು ಮುಚ್ಚಿ ಹಾಕಬೇಡಿ. ಒಂದು ಕಾಯಿಲ್ ಸುಟ್ಟರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಏಳುತ್ತದೆ ಎಂದು 2003ರಲ್ಲಿ ಅಳೆದು ತೋರಿಸಿದ್ದಾರೆ. ಮಕ್ಕಳು, ಉಬ್ಬಸದವರು ಇರುವ ಮನೆಯಲ್ಲಿ ಇದನ್ನು ದಿನಾ ಹಚ್ಚುವುದು ನೋಡಿದರೆ ನನಗೆ ಸಂಕಟ ಆಗುತ್ತದೆ.

ಬೆಲ್ಲ ಮತ್ತು ಯೀಸ್ಟ್ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಬರುವುದು ನಿಜ, ಸೊಳ್ಳೆ ಹಿಡಿಯಲು ಸಂಶೋಧಕರೂ ಈ ಉಪಾಯ ಬಳಸುತ್ತಾರೆ. ಆದರೆ ಅದರಲ್ಲಿ ಮೈವಾಸನೆ ಇಲ್ಲ. ಪಕ್ಕದ ಮನೆಯಲ್ಲಿ ಬಂಗುಡೆ ಪುಳಿಮುಂಚಿ ಆಗುತ್ತಿದೆ ಎಂದು ನಮಗೆ ಗೊತ್ತಾಗುವುದು ಬರೀ ಹುಣಸೆಯ ವಾಸನೆಯಿಂದ ಅಲ್ಲವಲ್ಲ, ಮೆಣಸು, ಕೊತ್ತಂಬರಿ, ಮೀನು ಎಲ್ಲ ಸೇರಿ ಒಂದು ಹದದಲ್ಲಿ ಬಂದಾಗಲೇ ಗೊತ್ತಾಗುತ್ತದೆ. ಸೊಳ್ಳೆಗೂ ಹಾಗೇ, ಹದ ಮುಖ್ಯ. ನಿಮ್ಮ ಬಾಟಲಿಯ ಪಕ್ಕ ನೀವೇ ಕೂತಿದ್ದರೆ ಅದು ಬಾಟಲಿ ಬಿಟ್ಟು ನಿಮ್ಮ ಹತ್ತಿರ ಬರುತ್ತದೆ.

ಮೊಬೈಲಿನಲ್ಲಿ ಶಬ್ದ ಮಾಡಿ ಸೊಳ್ಳೆ ಓಡಿಸುವ ಆ್ಯಪ್‌ಗಳನ್ನು ಮಾತ್ರ ನಂಬಬೇಡಿ. ಪರೀಕ್ಷೆ ಮಾಡಿದಾಗ ಏನೂ ಪ್ರಯೋಜನ ಕಂಡಿಲ್ಲ.

ಬಿಜೈ_ಮನೆ

ಮಗಳು ಎಲ್ಲ ಓದಿದಳು. ಅವಳ ಪ್ರಶ್ನೆ ಇನ್ನೂ ಬಾಕಿ ಇದೆಯಂತೆ. ಉಸಿರು ಎಲ್ಲರೂ ಬಿಡುತ್ತಾರೆ, ಬೆವರು ಎಲ್ಲರಿಗೂ ಬರುತ್ತದೆ. ಮತ್ತೆ ಅಪ್ಪನಿಗೇ ಯಾಕೆ?

ಕೀಟಪ್ರಿಯೆ_ಮಣಿಪಾಲ

ಅವಳಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ.

2022ರಲ್ಲಿ ವಾಸ್‌ಹಾಲ್ ತಂಡದ ಒಂದು ಅಧ್ಯಯನ ಬಂತು. ಜನರಿಗೆ ಮುಂಗೈ ಮೇಲೆ ಹಾಕಿಕೊಳ್ಳಲು ನೈಲಾನ್ ಕಾಲುಚೀಲದ ತುಂಡು ಕೊಟ್ಟರು. ದಿನಕ್ಕೆ ಆರು ಗಂಟೆ ಹಾಕಿ ತೆಗೆದ ಮೇಲೆ ಅದರಲ್ಲಿ ಚರ್ಮದ ವಾಸನೆ ಉಳಿಯುತ್ತದೆ. ಇಬ್ಬರ ತುಂಡುಗಳನ್ನು ಎರಡು ಕೊಳವೆಯ ತುದಿಯಲ್ಲಿಟ್ಟು ಈಡಿಸ್ ಸೊಳ್ಳೆ ಬಿಟ್ಟರು, ಯಾವ ಕಡೆ ಎಷ್ಟು ಹೋಗುತ್ತವೆ ಎಂದು ಎಣಿಸಿದರು. ಅತಿ ಹೆಚ್ಚು ಸೆಳೆದ ವ್ಯಕ್ತಿಗೂ ಅತಿ ಕಡಿಮೆ ಸೆಳೆದ ವ್ಯಕ್ತಿಗೂ ನೂರು ಪಟ್ಟು ವ್ಯತ್ಯಾಸ. ಮೂರು ವರ್ಷ ನೋಡಿದರೂ ಅದೇ ಜನರ ಕಡೆ ಜಾಸ್ತಿ, ಅದೇ ಜನರ ಕಡೆ ಕಡಿಮೆ. ಸೆಳೆಯುವವರ ಚರ್ಮದಲ್ಲಿ ಕಾರ್ಬಾಕ್ಸಿಲಿಕ್ ಆಮ್ಲಗಳು ಜಾಸ್ತಿ ಇದ್ದವು. ಪೆಂಟಾಡೆಕನೋಯಿಕ್, ಹೆಪ್ಟಾಡೆಕನೋಯಿಕ್ ಎಂದೆಲ್ಲ ಉದ್ದ ಹೆಸರಿನವು. ಚರ್ಮದ ಎಣ್ಣೆ, ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಾ, ಇವು ಸೇರಿ ಇಂಥ ವಾಸನೆ ಮಾಡುತ್ತವೆ. ನಮ್ಮ ಚರ್ಮದಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಎನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. 2011ರ ಒಂದು ಅಧ್ಯಯನದಲ್ಲಿ ಚರ್ಮದ ಮೇಲೆ ಬಗೆಬಗೆಯ ಬ್ಯಾಕ್ಟೀರಿಯಾ ಇದ್ದವರ ಕಡೆ ಅನಾಫಿಲಿಸ್ ಕಡಿಮೆ ಹೋಯಿತು. ಕಾಲಿಗೇ ಮುತ್ತುವುದೂ ಈ ಕಾರಣಕ್ಕೆ ಇರಬಹುದು, ಪಾದದಲ್ಲಿ ಬ್ಯಾಕ್ಟೀರಿಯಾ ವಾಸನೆ ಜೋರು. ಪಾದದ ಥರ ನಾರುವ ಲಿಂಬರ್ಗರ್ ಚೀಸ್ ಇಟ್ಟರೂ ಅನಾಫಿಲಿಸ್ ಗ್ಯಾಂಬಿಯೆ ಬರುತ್ತದೆ ಎಂದು 1996ರಲ್ಲೇ ನೆದರ್‌ಲ್ಯಾಂಡ್ಸ್‌ನವರು ತೋರಿಸಿದ್ದಾರೆ.

ಮನುಷ್ಯನೇ ಬೇಕು ಎನ್ನುವ ಗುಣ ಈಡಿಸ್‌ಗೆ ಹೇಗೆ ಬಂತು ಎನ್ನುವುದಕ್ಕೂ ಗ್ರಾಹಕವೇ ಸಾಕ್ಷಿ. ಕೀನ್ಯಾದ ಕರಾವಳಿಯ ರಬಾಯಿ ಎಂಬಲ್ಲಿ ಒಂದೇ ಜಾತಿಯ ಎರಡು ಬಗೆ ಇದ್ದವು. ಕಾಡಿನದ್ದು ಕಪ್ಪು, ಪ್ರಾಣಿಗಳನ್ನು ಕಚ್ಚುತ್ತದೆ. ಮನೆಯೊಳಗಿನದ್ದು ಕಂದು, ಮನುಷ್ಯರನ್ನು ಹುಡುಕುತ್ತದೆ. 2014ರಲ್ಲಿ ಲಿಂಡಿ ಮೆಕ್‌ಬ್ರೈಡ್ ಮತ್ತು ಜೊತೆಯವರು ಎರಡರ ಮೀಸೆಯನ್ನು ಹೋಲಿಸಿದರು. ಮನೆಯ ಸೊಳ್ಳೆಯಲ್ಲಿ ಓಆರ್4 ಎಂಬ ಗ್ರಾಹಕ ಜಾಸ್ತಿ ಇತ್ತು, ಹೆಚ್ಚು ಚುರುಕಾಗಿಯೂ ಇತ್ತು. ಅದು ಹಿಡಿಯುವ ವಾಸನೆ ಸಲ್ಕಟೋನ್, ನಮ್ಮ ಮೈವಾಸನೆಯಲ್ಲಿ ಧಾರಾಳ. ಚರ್ಮದ ಸ್ಕ್ವಾಲೀನ್ ಎಣ್ಣೆ ಗಾಳಿಗೆ ಕೆಟ್ಟಾಗ ಹುಟ್ಟುತ್ತದೆ. ಜನ ಕೊಡ, ಹಂಡೆಗಳಲ್ಲಿ ನೀರು ತುಂಬಿಟ್ಟು ಒಂದೇ ಕಡೆ ವಾಸ ಮಾಡತೊಡಗಿದ ಮೇಲೆ ಕಾಡಿನ ಸೊಳ್ಳೆ ಊರು ಸೇರಿತು, ಅದರ ಮೂಗು ನಮಗೆ ತಕ್ಕ ಹಾಗೆ ಬದಲಾಯಿತು.

ಮಲ್ಪೆ_ಕರೆ

ನನ್ನ ತಂಗಿ ಬಸುರಿ. ಅವಳಿಗೆ ಈಗ ಮೊದಲಿಗಿಂತ ಜಾಸ್ತಿ ಕಚ್ಚುತ್ತದೆ ಎನ್ನುತ್ತಾಳೆ. ಭ್ರಮೆಯೋ ನಿಜವೋ? ಯಾವ ಕ್ರೀಮ್ ಹಚ್ಚಬಹುದು? ಚಿಕ್ಕ ಮಕ್ಕಳಿಗೂ ಹೇಳಿ. ತೆಂಗಿನ ಎಣ್ಣೆ ಹಚ್ಚಿದರೆ ಸಾಕು ಎನ್ನುವವರೂ ಇದ್ದಾರೆ.

ಕೀಟಪ್ರಿಯೆ_ಮಣಿಪಾಲ

@ಮಲ್ಪೆ_ಕರೆ ನಿಜ. 2000ದಲ್ಲಿ ಗ್ಯಾಂಬಿಯಾ ದೇಶದಲ್ಲಿ ನೋಡಿದಾಗ ಬಸುರಿಯರ ಕಡೆ ಮಲೇರಿಯಾ ಸೊಳ್ಳೆ ಎರಡು ಪಟ್ಟು ಹೋಗಿತ್ತು. ದಿನ ತುಂಬುತ್ತಾ ಬಂದಾಗ ಉಸಿರು ಶೇ. 21ರಷ್ಟು ಜಾಸ್ತಿ, ಹೊಟ್ಟೆಯ ಬಿಸಿಯೂ ತುಸು ಜಾಸ್ತಿ. ಅವರಿಗೆ ಸೊಳ್ಳೆ ಪರದೆ ಬೇಕೇ ಬೇಕು.

ಕ್ರೀಮ್ ವಿಷಯದಲ್ಲಿ ಹೆಚ್ಚು ಪರೀಕ್ಷೆ ಆಗಿರುವುದು ಡೀಟ್. 1940ರ ದಶಕದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಬಂದದ್ದು, 1957ರಿಂದ ಜನಬಳಕೆಗೆ. ಇಷ್ಟು ವರ್ಷ ಬಳಸಿದರೂ ಅದು ಹೇಗೆ ಕೆಲಸ ಮಾಡುತ್ತದೆ ಎಂಬ ವಾದ ಮುಗಿದಿಲ್ಲ. ಓರ್ಕೋ ಇಲ್ಲದ ಈಡಿಸ್ ದೂರದಿಂದ ಡೀಟ್‌ಗೆ ಹೆದರುವುದಿಲ್ಲ, ಅಂದರೆ ಮೂಗಿನ ದಾರಿ ಒಂದು ಇದೆ. ಆದರೆ ಹಚ್ಚಿದ ಚರ್ಮದ ಮೇಲೆ ಕಾಲಿಟ್ಟ ಕೂಡಲೇ ಅದೂ ಎದ್ದು ಹೋಗುತ್ತದೆ, ಕಾಲಿನ ತುದಿಯಲ್ಲಿ ಇನ್ನೊಂದು ದಾರಿ ಇದೆ. ಆಫ್ರಿಕಾದ ಅನಾಫಿಲಿಸ್‌ನಲ್ಲಿ 2019ರಲ್ಲಿ ನೋಡಿದರೆ ಡೀಟ್‌ನ ವಾಸನೆಗೆ ನರಗಳು ಮಿಡಿಯಲೇ ಇಲ್ಲ. ಅದು ಬೇರೆ ವಾಸನೆಗಳು ಚರ್ಮದಿಂದ ಏಳದಂತೆ ತಡೆಯುತ್ತಿತ್ತು. ಬಸುರಿಯರು ಡಬ್ಬದ ಚೀಟಿಯಲ್ಲಿ ಹೇಳಿದಷ್ಟೇ, ಡಾಕ್ಟರನ್ನು ಕೇಳಿ ಹಚ್ಚಬಹುದು. ಎರಡು ತಿಂಗಳು ತುಂಬದ ಮಗುವಿಗೆ ಯಾವ ಕ್ರೀಮೂ ಬೇಡ, ಪರದೆ ಮಾತ್ರ. ಲೆಮನ್ ಯೂಕಲಿಪ್ಟಸ್ ಎಣ್ಣೆಯ ಕ್ರೀಮ್ ಮೂರು ವರ್ಷದ ಕೆಳಗಿನವರಿಗೆ ಬೇಡ.

ತೆಂಗಿನ ಎಣ್ಣೆಯಿಂದ ಬೇರೆ ಮಾಡಿದ ಕೆಲವು ಕೊಬ್ಬಿನ ಆಮ್ಲಗಳು ಕೀಟಗಳನ್ನು ತುಂಬ ಹೊತ್ತು ದೂರ ಇಟ್ಟವು ಎಂದು 2018ರಲ್ಲಿ ಪ್ರಕಟವಾಗಿದೆ. ಆದರೆ ನಾವು ತಲೆಗೆ ಹಚ್ಚುವ ಎಣ್ಣೆಯಲ್ಲಿ ಆ ಆಮ್ಲಗಳು ಬಿಡಿಯಾಗಿ ಇರುವುದು ಬಹಳ ಕಡಿಮೆ. ಅದನ್ನೇ ನಂಬಿ ಕೂರಬೇಡಿ.

ಉಳ್ಳಾಲ_ಸಿಸ್ಟರ್

ನಾನು ನರ್ಸ್. ಜ್ವರದ ವಾರ್ಡಿನಲ್ಲಿ ಕೆಲಸ. ಇಲ್ಲಿ ಎಲ್ಲರೂ ತಮಗೆ ಕಚ್ಚದ ಹಾಗೆ ಏನು ಮಾಡಬೇಕು ಎಂದು ಕೇಳುತ್ತಿದ್ದೀರಿ, ರೋಗಿಗೆ ಕಚ್ಚದ ಹಾಗೆ ನೋಡಿಕೊಳ್ಳುವುದನ್ನು ಯಾರೂ ಕೇಳುತ್ತಿಲ್ಲ. ಡೆಂಗ್ಯೂ ಬಂದವರನ್ನು ಹಗಲು ಜಗಲಿಯಲ್ಲಿ, ಸೋಫಾದಲ್ಲಿ ಮಲಗಿಸುತ್ತಾರೆ, ಗಾಳಿ ಬರಲಿ ಎಂದು. ಡೆಂಗ್ಯೂ ಸೊಳ್ಳೆ ಕಚ್ಚುವುದೇ ಹಗಲು. ಜ್ವರ ಶುರುವಾಗುವ ಎರಡು ದಿನ ಮೊದಲಿಂದ ಜ್ವರ ಬಿಟ್ಟ ಎರಡು ದಿನದವರೆಗೂ ಅವರ ರಕ್ತದಿಂದ ಸೊಳ್ಳೆಗೆ ವೈರಸ್ ಹೋಗಬಹುದು. ಎಂಟರಿಂದ ಹನ್ನೆರಡು ದಿನದಲ್ಲಿ ಆ ಸೊಳ್ಳೆ ಮನೆಯ ಉಳಿದವರಿಗೆ ಕೊಡಲು ತಯಾರು. 2019ರ ಮಳೆಗಾಲದಲ್ಲಿ ಮಂಗಳೂರಿನ ಗುಜ್ಜರಕೆರೆ ಕಡೆ ಹೇಗೆ ಮನೆಯಿಂದ ಮನೆಗೆ ಹೋಯಿತು ಎಂದು ನೆನಪಿದೆ ಅಲ್ವಾ?

ಮಲೇರಿಯಾದವರೂ ಅಷ್ಟೇ. ನಮ್ಮ ಕಡೆ ಜಾಸ್ತಿ ಇರುವುದು ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ. ಜ್ವರ ಎರಡು ದಿನದಲ್ಲಿ ಬಿಡುತ್ತದೆ, ಮಾತ್ರೆ ಅಲ್ಲಿಗೇ ನಿಲ್ಲಿಸುತ್ತಾರೆ. ಲಿವರಿನಲ್ಲಿ ಅಡಗಿದ ರೋಗಾಣು ಸಾಯಬೇಕಾದರೆ ಪ್ರೈಮಾಕ್ವಿನ್ ಮಾತ್ರೆ 14 ದಿನ ಪೂರ್ತಿ ನುಂಗಬೇಕು, ಡಾಕ್ಟರು ಹೇಳಿದ ಹಾಗೆ.

ಕೀಟಪ್ರಿಯೆ_ಮಣಿಪಾಲ

ಸಿಸ್ಟರ್ ಹೇಳಿದ್ದು ಈ ಚರ್ಚೆಯಲ್ಲೇ ಮುಖ್ಯವಾದ ಮಾತು. ಇದಕ್ಕೂ ವಾಸನೆಗೂ ನೇರ ಸಂಬಂಧ ಇದೆ.

ರೋಗಾಣು ರೋಗಿಯ ವಾಸನೆಯನ್ನೇ ಬದಲಾಯಿಸುತ್ತದೆ. ಡೆಂಗ್ಯೂ ಮತ್ತು ಝೀಕಾ ಬಗ್ಗೆ 2022ರಲ್ಲಿ ಚೀನಾದ ತಂಡವೊಂದು ತೋರಿಸಿತು. ನಮ್ಮ ಚರ್ಮದಲ್ಲಿ ಕೆಲವು ಬ್ಯಾಕ್ಟೀರಿಯಾಗಳನ್ನು ಹದ್ದುಬಸ್ತಿನಲ್ಲಿ ಇಡುವ ಒಂದು ಪ್ರೋಟೀನ್ ಇದೆ. ವೈರಸ್ ಬಂದಾಗ ಅದು ಕಡಿಮೆ ಆಗುತ್ತದೆ. ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಅಸೆಟೋಫಿನೋನ್ ಎಂಬ ವಾಸನೆಯನ್ನು ಜಾಸ್ತಿ ಬಿಡುತ್ತವೆ. ಆ ವಾಸನೆಗೆ ಈಡಿಸ್ ಓಡಿ ಬರುತ್ತದೆ. ಡೆಂಗ್ಯೂ ರೋಗಿಗಳ ಕಂಕುಳಿನಿಂದ ತೆಗೆದ ವಾಸನೆಯಲ್ಲೂ ಅಸೆಟೋಫಿನೋನ್ ಜಾಸ್ತಿ ಇತ್ತು. ಇಲಿಗಳಿಗೆ ವಿಟಮಿನ್ ಎ ಜಾತಿಯ ಐಸೊಟ್ರೆಟಿನೊಯಿನ್ ಕೊಟ್ಟಾಗ ಆ ಪ್ರೋಟೀನ್ ಮತ್ತೆ ಹೆಚ್ಚಿ ಸೊಳ್ಳೆ ಬರುವುದು ಕಡಿಮೆ ಆಯಿತು. ಅದು ಇಲಿಯ ಮಾತು. ಬಸುರಿಯರಿಗೆ ಅದು ಅಪಾಯದ ಮದ್ದು, ಯಾರೂ ತಾವಾಗಿ ತೆಗೆದುಕೊಳ್ಳಬೇಡಿ.

ಮಲೇರಿಯಾ ಪರೋಪಜೀವಿ ಎಚ್‌ಎಂಬಿಪಿಪಿ ಎಂಬ ವಸ್ತು ಬಿಡುತ್ತದೆ. ಅದು ತಾಗಿದ ಕೆಂಪು ರಕ್ತಕಣಗಳಿಂದ ಕಾರ್ಬನ್ ಡೈಆಕ್ಸೈಡ್, ಆಲ್ಡಿಹೈಡ್‌ಗಳು ಜಾಸ್ತಿ ಹೊರಡುತ್ತವೆ ಎಂದು 2017ರಲ್ಲಿ ಗೊತ್ತಾಯಿತು. ಮರುವರ್ಷ ಕೀನ್ಯಾದ ಮಕ್ಕಳಲ್ಲಿ ನೋಡಿದಾಗ ಮಲೇರಿಯಾ ಇರುವ ಮಕ್ಕಳ ಮೈವಾಸನೆಯಲ್ಲಿ ಹೆಪ್ಟನಾಲ್, ಆಕ್ಟನಾಲ್, ನೊನನಾಲ್ ಎಂಬ ಆಲ್ಡಿಹೈಡ್‌ಗಳು ಜಾಸ್ತಿ ಇದ್ದವು.

ಅಂದರೆ ಮನೆಯಲ್ಲಿ ನಾಲ್ಕು ಜನ ಇದ್ದು ಒಬ್ಬರಿಗೆ ಜ್ವರ ಇದ್ದರೆ ಸೊಳ್ಳೆ ಮೊದಲು ಹೋಗುವ ಸಾಧ್ಯತೆ ಅವರ ಹತ್ತಿರವೇ. ಅಲ್ಲಿಂದ ಉಳಿದವರ ಹತ್ತಿರ. ದಯವಿಟ್ಟು ಹಗಲೂ ಪರದೆ ಕಟ್ಟಿ.

ಸುರತ್ಕಲ್_ಸೈಟ್

ಇದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಸೈಟಿನಲ್ಲಿ ಕೆಲಸದವರ ಶೆಡ್ ಇದೆ, ಜ್ವರ ಬಂದವರು ಉಳಿದವರ ಜೊತೆಗೇ ಮಲಗುತ್ತಾರೆ, ಪರದೆ ಯಾರಿಗೂ ಇಲ್ಲ. ನಾಳೆಯೇ ತರಿಸುತ್ತೇನೆ. ಹಿಂದೆ ಒಬ್ಬ ಕಂಟ್ರಾಕ್ಟರ್ ಹತ್ತಿರ ಕೇಳಿದಾಗ ಅದೆಲ್ಲ ನಮ್ಮ ಖರ್ಚಲ್ಲ ಎಂದಿದ್ದರು. ಈ ಸಲ ಬಿಡುವುದಿಲ್ಲ.

ವಾಸನೆ ಇಟ್ಟು ಬಲೆ ಮಾಡಿ ಊರಿಗೇ ಹಾಕಿದರೆ ಆಗುವುದಿಲ್ಲವಾ? ಮತ್ತೆ ನಮ್ಮ ಸ್ಲಾಬಿನ ಮೇಲೆ ಕಾಂಕ್ರೀಟ್ ಗಟ್ಟಿಯಾಗಲೆಂದು ಕ್ಯೂರಿಂಗ್ ನೀರು ನಿಲ್ಲಿಸಿದರೆ ಇಷ್ಟು ಬೇಗ ಅಲ್ಲಿಗೇ ಬಂದು ಮೊಟ್ಟೆ ಇಡುವುದು ಹೇಗೆ, ಅದೂ ವಾಸನೆಯಿಂದಲೇ?

ಕೀಟಪ್ರಿಯೆ_ಮಣಿಪಾಲ

ಬಲೆಯ ಪ್ರಯೋಗ ಆಗಿದೆ. ಕೀನ್ಯಾದ ವಿಕ್ಟೋರಿಯಾ ಸರೋವರದಲ್ಲಿ ರುಸಿಂಗಾ ಎಂಬ ದ್ವೀಪ. ಅಲ್ಲಿ ಮನೆಮನೆಗೆ ಸೋಲಾರ್ ಕೊಟ್ಟು, ಅದರಿಂದ ನಡೆಯುವ ಬಲೆಯಲ್ಲಿ ಮನುಷ್ಯನ ವಾಸನೆಯ ಕೃತಕ ಮಿಶ್ರಣ ಇಟ್ಟರು. ಬಲೆ ಇದ್ದ ಮನೆಗಳಲ್ಲಿ ಮಲೇರಿಯಾ ಸುಮಾರು ಶೇ. 30 ಕಡಿಮೆ ಇತ್ತು, 2016ರಲ್ಲಿ ಪ್ರಕಟವಾಯಿತು. ಅಲ್ಲಿ ಮುಖ್ಯವಾಗಿ ಕಡಿಮೆ ಆದದ್ದು ಅನಾಫಿಲಿಸ್ ಫ್ಯುನೆಸ್ಟಸ್. ನಮ್ಮ ಮಂಗಳೂರಿನ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸಿ, ಅದರ ಇಷ್ಟ ಬೇರೆ. ಹಾಗಾಗಿ ಅಲ್ಲಿನ ಮಿಶ್ರಣವನ್ನು ತಂದು ಇಲ್ಲಿಟ್ಟರೆ ಆಗುವುದಿಲ್ಲ, ನಮ್ಮ ಸೊಳ್ಳೆಯ ಮೂಗನ್ನು ನಾವೇ ಓದಬೇಕು. ಕೀಟದ ಮೂಗು ಓದುವುದು ಈ ದೇಶಕ್ಕೆ ಹೊಸದೇನೂ ಅಲ್ಲ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ ಕಟ್ಟಿದ ಒಬೈದ್ ಸಿದ್ದಿಕಿ 1970ರ ದಶಕದಿಂದಲೇ ಹಣ್ಣಿನ ನೊಣದ ರುಚಿ, ವಾಸನೆಯ ಮೇಲೆ ಕೆಲಸ ಮಾಡಿದವರು.

ಮೊಟ್ಟೆ ಇಡುವ ಜಾಗ ಹುಡುಕುವುದರಲ್ಲೂ ವಾಸನೆಗೆ ದೊಡ್ಡ ಪಾಲಿದೆ. ಮಣ್ಣಿಗೆ ಮಳೆ ಬಿದ್ದಾಗ ಬರುವ ಪರಿಮಳದಲ್ಲಿ ಜಿಯೋಸ್ಮಿನ್ ಎಂಬ ವಸ್ತು ಇದೆ, ಬ್ಯಾಕ್ಟೀರಿಯಾ ಮಾಡುವುದು. ಈಡಿಸ್‌ಗೆ ಅದು ಇಷ್ಟ, ಮರಿಗಳಿಗೆ ತಿನ್ನಲು ಸೂಕ್ಷ್ಮಜೀವಿ ಇದೆ ಎಂದು ಅದಕ್ಕೆ ಗೊತ್ತಾಗುವುದು ಇದರಿಂದ. ಬೀಟ್‌ರೂಟ್ ಸಿಪ್ಪೆಯಲ್ಲೂ ಇದೇ ಇರುವುದರಿಂದ ಆ ಸಿಪ್ಪೆ ಇಟ್ಟು ಮೊಟ್ಟೆಯ ಬಲೆ ಮಾಡಬಹುದು ಎಂದು 2020ರಲ್ಲಿ ತೋರಿಸಿದ್ದಾರೆ. ಆನೆಕಾಲು ರೋಗದ ಕ್ಯೂಲೆಕ್ಸ್‌ಗೆ ಚರಂಡಿಯ ಸ್ಕಟೋಲ್ ವಾಸನೆ ಬೇಕು. ಅದರ ಮೊಟ್ಟೆಗಳ ಮೇಲಿನ ಸಣ್ಣ ಹನಿಯ ವಾಸನೆಗೆ ಬೇರೆ ಹೆಣ್ಣುಗಳೂ ಅಲ್ಲಿಗೇ ಬರುತ್ತವೆ. ಸ್ಟೀಫೆನ್ಸಿ ಮಾತ್ರ ತಿಳಿನೀರಿನ ಕಡೆ. ಓವರ್‌ಹೆಡ್ ಟ್ಯಾಂಕ್, ಸಂಪ್, ನಿಮ್ಮ ಕ್ಯೂರಿಂಗ್ ನೀರು. ಮುಚ್ಚಲು ಆಗದ ಕಡೆ ಸೊಳ್ಳೆಮರಿ ತಿನ್ನುವ ಗಪ್ಪಿ ಮೀನು ಬಿಡಿ, ಸ್ಲಾಬಿನ ನೀರನ್ನು ವಾರಕ್ಕೊಮ್ಮೆ ಪೂರ್ತಿ ಒಣಗಲು ಬಿಡಿ ಅಥವಾ ಒದ್ದೆ ಗೋಣಿ ಹಾಸಿ ಕ್ಯೂರಿಂಗ್ ಮಾಡಿ.

ಕಾರ್ಕಳ_ತೋಟ

ಗೋಣಿ ಒಳ್ಳೆ ಉಪಾಯ. ನಾವು ಈ ಸಲ ಟ್ಯಾಪಿಂಗ್ ನಿಲ್ಲಿಸಿದ ಕೂಡಲೇ ರಬ್ಬರ್ ಗೆರಟೆಗಳನ್ನೆಲ್ಲ ಕವುಚಿ ಹಾಕಿದ್ದೇವೆ. ಅಡಿಕೆ ಹಾಳೆ ಮಾತ್ರ ದಿನಾ ಬೀಳುತ್ತದೆ, ಹೆಕ್ಕಿದಷ್ಟೂ ಮುಗಿಯುವುದಿಲ್ಲ. ಬೀಟ್‌ರೂಟ್ ಸಿಪ್ಪೆ ಒಂದು ಬಕೆಟ್‌ನಲ್ಲಿ ಹಾಕಿ ನೋಡುತ್ತೇನೆ.

ಕೀಟಪ್ರಿಯೆ_ಮಣಿಪಾಲ

ಹಾಕಿದರೆ ವಾರದೊಳಗೆ ಬಕೆಟ್ ಖಾಲಿ ಮಾಡಿ ಬಿಸಿಲಿನಲ್ಲಿ ತಿಕ್ಕಿ ತೊಳೆಯಲೇಬೇಕು. ಬಿಟ್ಟರೆ ಅದೇ ಸೊಳ್ಳೆ ಸಾಕುವ ಜಾಗ ಆಗುತ್ತದೆ. ಈಡಿಸ್ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ಸುಮ್ಮನೆ ನೀರು ಚೆಲ್ಲಿದರೆ ಸಾಲದು.

ಬಿಜೈ_ಮನೆ

ಡೆಂಗ್ಯೂ ಆದ ಮನೆಗೆ ಹೋಗಿ ಹಗಲೂ ಪರದೆ ಕಟ್ಟಲು ಹೇಳಿ ಬಂದೆ, ನಮ್ಮಲ್ಲಿದ್ದ ಒಂದನ್ನು ಕೊಟ್ಟೆ. ಮಗಳು ಸತ್ತ ನುಸಿಯೊಂದನ್ನು ಬಿಳಿ ಕಾಗದದ ಮೇಲೆ ಇಟ್ಟುಕೊಂಡು ಕೂತಿದ್ದಾಳೆ. ಶಾಲೆಯ ಲೆನ್ಸ್ ಇದೆ. ಆ ಪಾಲ್ಪ್ ಕಾಣುತ್ತದೆಯಾ? ಎಲ್ಲಿ ನೋಡಬೇಕು?

ಕೀಟಪ್ರಿಯೆ_ಮಣಿಪಾಲ

ಕಾಣುತ್ತದೆ. ಮೊದಲು ಮೀಸೆ ನೋಡಲಿ. ಗರಿಯ ಹಾಗೆ ತುಂಬ ಕೂದಲಿದ್ದರೆ ಗಂಡು, ಅದರ ಮೀಸೆಗೆ ಹೆಣ್ಣಿನ ರೆಕ್ಕೆಯ ಸದ್ದು ಕೇಳಿಸಿಕೊಳ್ಳುವ ಕೆಲಸವೂ ಇದೆ. ಕೂದಲು ವಿರಳವಾಗಿದ್ದರೆ ಹೆಣ್ಣು. ಹೆಣ್ಣಾದರೆ ಸೊಂಡಿಲಿನ ಬುಡದಲ್ಲಿ ಎರಡೂ ಕಡೆ ನೋಡಿ. ಪಾಲ್ಪ್ ಸೊಂಡಿಲಿನಷ್ಟೇ ಉದ್ದ ಇದ್ದರೆ ಅನಾಫಿಲಿಸ್. ಬುಡದಲ್ಲಿ ಗಿಡ್ಡ ಮೊಳಕೆಯ ಥರ ಇದ್ದರೆ ಈಡಿಸ್ ಅಥವಾ ಕ್ಯೂಲೆಕ್ಸ್. ಕಾಲಿನಲ್ಲಿ ಬಿಳಿ ಪಟ್ಟೆ, ಬೆನ್ನ ಮೇಲೆ ವೀಣೆಯ ತಂತಿಯಂಥ ಬಿಳಿ ಗೆರೆ ಇದ್ದರೆ ಈಡಿಸ್ ಈಜಿಪ್ಟೈ, ಮಧ್ಯೆ ಒಂದೇ ನೇರ ಗೆರೆ ಇದ್ದರೆ ಟೈಗರ್ ಸೊಳ್ಳೆ. ಯಾವುದು ಸಿಕ್ಕಿತು ಎಂದು ಇಲ್ಲೇ ಬರೆಯಲು ಹೇಳಿ, ಫೋಟೋ ತೆಗೆಯಲು ಆದರೆ ಹಾಕಿ.